ಸರ್ವರ್ ಸ್ಕ್ರಿಪ್ಟ್‌ಗಳ ಕಡತ ವಿಸ್ತರಣೆ

ವೆಬ್ ಸರ್ವರಿನಲ್ಲಿ ನಡೆಯುವ ಪ್ರೋಗ್ರಾಮಿನ ಕಡತದ ಹೆಸರಿಗೆ, ಇಲ್ಲವೆ ಅದನ್ನು ಕರೆಯುವ ವಿಳಾಸಕ್ಕೆ, ಕೊನೆಯಲ್ಲಿ ಚುಕ್ಕೆಯಿಟ್ಟು ಸೇರಿಸುವ ಅಕ್ಷರಗಳು. ‘.ಪಿಎಚ್‌ಪಿ’, ‘.ಎಎಸ್‌ಪಿಎಕ್ಸ್’, ‘.ಜೆಎಸ್‌ಪಿ’ ಇವು ವಾಡಿಕೆಯವು. ವಾಡಿಕೆಯದನ್ನು ಬಿಟ್ಟು ತಾಣ ನಡೆಸುವವರು ತಾವೇ ಒಂದನ್ನು ಗೊತ್ತುಮಾಡಿಕೊಳ್ಳುವುದೂ ಉಂಟು. ಅದನ್ನು ಸ್ವಂತ ವಿಸ್ತರಣೆ ಎನ್ನಬಹುದು. ವಿಜಯ ಕರ್ನಾಟಕ ಪತ್ರಿಕೆಯ ಜಾಲತಾಣದಲ್ಲಿ ಸುದ್ದಿಯ ವಿಳಾಸ ‘.ಸಿಎಂಎಸ್’ ಎಂದು ಮುಗಿಯುವುದು, ರಾಜ್ಯ ಸರ್ಕಾರದ ಸೇವಾ ಸಿಂಧು ತಾಣದಲ್ಲಿ ಅರ್ಜಿಯ ಪುಟ ‘.ಡು’ ಎಂದು ಮುಗಿಯುವುದು ಕನ್ನಡ ಓದುಗರ ಕಣ್ಣಿಗೆ ಬಿದ್ದಿರಬಹುದಾದ ಉದಾಹರಣೆಗಳು. ಕಂಪ್ಯೂಟರ್ ಬಳಸುವವರ ಮಾತಿನಲ್ಲಿ ವಿಸ್ತರಣೆ ಎಂದರೆ ‘ಫೈಲ್ ಎಕ್ಸ್‌ಟೆನ್ಷನ್’. ವಿಳಾಸಗಳಲ್ಲಿ ಇವು ರೋಮನ್ ಲಿಪಿಯಲ್ಲಿರುತ್ತವೆ. ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದೆ.

ಕಲ್ಪನೆ

ಸ್ಥಳನಾಮಗಳ ಅಧ್ಯಯನದಲ್ಲಿ ಊರಿನ ಹೆಸರನ್ನು ನಿರ್ದಿಷ್ಟ ಮತ್ತು ವಾರ್ಗಿಕ ಎಂದು ಎರಡಾಗಿ ಬಿಡಿಸುವುದು ರೂಢಿ. ಕೋಲಾರ ಜಿಲ್ಲೆ ಮುಳಬಾಗಿಲು ತಾಲ್ಲೂಕಿನ ದೇವರಾಯಸಮುದ್ರವನ್ನು ತೆಗೆದುಕೊಂಡರೆ ‘ದೇವರಾಯ’ ಎಂಬುದು ನಿರ್ದಿಷ್ಟ, ‘ಸಮುದ್ರ’ ಎಂಬುದು ವಾರ್ಗಿಕ. ಇಲ್ಲಿ ಸಮುದ್ರವೆಂದರೆ ಕಡಲಲ್ಲ, ದೊಡ್ಡ ಕೆರೆ. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆಗಳನ್ನೇ ನಂಬಿದ ಸೀಮೆಯಲ್ಲಿ ಆ ಮಾತನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಅದೇ ಪದ ಸವೆದು ದುಗ್ಗಸಂದ್ರ, ಬೊಮ್ಮಸಂದ್ರಗಳಲ್ಲಿ ‘ಸಂದ್ರ’ವಾಗಿದೆ.

ಕಡತದ ಹೆಸರಿನ ರಚನೆಯೂ ಇಂಥದೇ. ಚುಕ್ಕೆಯ ಹಿಂದಿನದು ನಿರ್ದಿಷ್ಟ, ಮುಂದಿನದು ವಾರ್ಗಿಕ. ವಾರ್ಗಿಕವು ಕಡತದೊಳಗೆ ಏನಿದೆ ಎಂಬುದರ ಸೂಚನೆಯೇ ಹೊರತು ಸಾಕ್ಷ್ಯವಲ್ಲ. ಪಠ್ಯದ ಕಡತಕ್ಕೆ ಚಿತ್ರದ ವಿಸ್ತರಣೆ ಹಚ್ಚಿದರೆ ಒಳಗಿನ ಒಂದು ಅಕ್ಷರವೂ ಬದಲಾಗುವುದಿಲ್ಲ. ಆ ಸೂಚನೆಯನ್ನು ಹೇಗೆ ಓದಬೇಕೆಂಬ ಒಪ್ಪಂದ ಸರ್ವರಿನ ಸಂರಚನಾ ಕಡತದಲ್ಲಿರುತ್ತದೆ. ಒಪ್ಪಂದವನ್ನು ತಿದ್ದಿದರೆ ಯಾವ ವಿಸ್ತರಣೆಗೆ ಯಾವ ಅರ್ಥವನ್ನಾದರೂ ಕೊಡಬಹುದು. ಸ್ವಂತ ವಿಸ್ತರಣೆಯ ಸಾಧ್ಯತೆ ಮತ್ತು ಅಪಾಯ ಎರಡೂ ಹುಟ್ಟುವುದು ಇಲ್ಲಿಂದಲೇ.

ಇತಿಹಾಸ

ಹೆಸರಿಗೆ ಎಂಟು, ವಿಸ್ತರಣೆಗೆ ಮೂರು ಅಕ್ಷರ ಎಂಬ ಮಿತಿಯನ್ನು 1981ರ ಡಾಸ್ ಕಾರ್ಯಾಚರಣ ವ್ಯವಸ್ಥೆ ಮನೆಮಾತಾಗಿಸಿತು. ಒಂದೇ ಬಗೆಯ ಪುಟಕ್ಕೆ ‘.ಎಚ್‌ಟಿಎಂ’, ‘.ಎಚ್‌ಟಿಎಂಎಲ್’ ಎಂಬ ಎರಡು ರೂಪ ಉಳಿದಿರುವುದು ಆ ಮಿತಿಯ ಗುರುತು. ಯೂನಿಕ್ಸ್ ವ್ಯವಸ್ಥೆಗೆ ವಿಸ್ತರಣೆ ಕಡ್ಡಾಯವಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಯಾವ ಭಾಷೆಯ ಇಂಟರ್‌ಪ್ರಿಟರ್, ಅಂದರೆ ಸ್ಕ್ರಿಪ್ಟನ್ನು ಓದಿ ನಡೆಸುವ ತಂತ್ರಾಂಶ, ಬೇಕೆಂದು ಬರೆದರೆ ಸಾಕು. ವೆಬ್ ಸರ್ವರ್‌ಗಳು ಈ ಎರಡೂ ಪರಂಪರೆಗಳನ್ನು ಹೊತ್ತು ಬೆಳೆದವು.

1993ರಲ್ಲಿ ಅಮೆರಿಕದ ಎನ್‌ಸಿಎಸ್‌ಎ ಸಂಸ್ಥೆಯ ಸರ್ವರಿನೊಂದಿಗೆ ಸಿಜಿಐ ಎಂಬ ಸಂಪರ್ಕ ನಿಯಮ ಬಂದಿತು. ಆರಂಭದಲ್ಲಿ ‘ಸಿಜಿಐ-ಬಿನ್’ ಎಂಬ ಕೋಶದಲ್ಲಿಟ್ಟದ್ದೆಲ್ಲ ಪ್ರೋಗ್ರಾಮು ಎಂದು ಲೆಕ್ಕ. ಅಲ್ಲಿ ವಿಸ್ತರಣೆಗೆ ಬೆಲೆಯಿರಲಿಲ್ಲ. ಆ ಕೋಶದ ಹೊರಗೂ ಸ್ಕ್ರಿಪ್ಟ್ ಇಡಬೇಕೆಂದಾಗ ಪುಟವನ್ನೂ ಪ್ರೋಗ್ರಾಮನ್ನೂ ಬೇರ್ಪಡಿಸುವ ಗುರುತು ಬೇಕಾಯಿತು. ‘.ಸಿಜಿಐ’, ಪರ್ಲ್ ಭಾಷೆಯ ‘.ಪಿಎಲ್’, ಸರ್ವರೇ ತುಂಬಿಕೊಡುವ ಪುಟಗಳ ‘.ಎಸ್‌ಎಚ್‌ಟಿಎಂಎಲ್’ ಹೀಗೆ ಬಳಕೆಗೆ ಬಂದವು.

ರಾಸ್ಮಸ್ ಲೆರ್‌ಡಾರ್ಫ್ 1995ರಲ್ಲಿ ಹೊರತಂದ ಪಿಎಚ್‌ಪಿ ಭಾಷೆಯ ಕಥೆಯಲ್ಲಿ ವಿಸ್ತರಣೆಯ ಚಂಚಲತೆ ಸ್ಪಷ್ಟವಾಗಿ ಕಾಣುತ್ತದೆ. ಅದರ ಮೊದಲ ಆವೃತ್ತಿಗಳಿಗೆ ‘.ಪಿಎಚ್‌ಟಿಎಂಎಲ್’, 1998ರ ಮೂರನೆಯ ಆವೃತ್ತಿಗೆ ‘.ಪಿಎಚ್‌ಪಿ3’, ಆಮೇಲೆ ಬರಿಯ ‘.ಪಿಎಚ್‌ಪಿ’ ಹೆಚ್ಚು ಬಳಕೆಯಲ್ಲಿದ್ದವು. 2004ರಲ್ಲಿ ಐದನೆಯ ಆವೃತ್ತಿ ಬಂದಾಗ ಬಾಡಿಗೆ ಸರ್ವರ್‌ಗಳು ಹಳೆಯ ನಾಲ್ಕನ್ನೂ ಹೊಸ ಐದನ್ನೂ ಒಟ್ಟಿಗೆ ನಡೆಸಬೇಕಾಯಿತು. ಅಂಥ ಹಲವು ಕಡೆ ಹೊಸದು ಬೇಕಾದವರು ಕಡತಕ್ಕೆ ‘.ಪಿಎಚ್‌ಪಿ5’ ಎಂದು ಹೆಸರಿಡಬೇಕಿತ್ತು. ನಾಲ್ಕನೆಯ ಆವೃತ್ತಿಯ ಕೊನೆಯ ಬಿಡುಗಡೆ 2008ರ ಆಗಸ್ಟಿನಲ್ಲಾಯಿತು.

ವಿಕಿಪೀಡಿಯದ ವಿಳಾಸವೂ ಈ ಬದಲಾವಣೆಗಳನ್ನು ಕಂಡಿದೆ. ಮೊದಲು ‘ವಿಕಿ.ಸಿಜಿಐ’, ಬಳಿಕ ‘ವಿಕಿ.ಪಿಎಚ್‌ಟಿಎಂಎಲ್’, ಆಮೇಲೆ ‘ಇಂಡೆಕ್ಸ್.ಪಿಎಚ್‌ಪಿ’. ಅದರ ತಂತ್ರಾಂಶವಾದ ಮೀಡಿಯಾವಿಕಿಯಲ್ಲಿ ‘.ಪಿಎಚ್‌ಪಿ’ ಬದಲು ‘.ಪಿಎಚ್‌ಪಿ5’ ಆರಿಸಿಕೊಳ್ಳಲೆಂದೇ ಒಂದು ಆಯ್ಕೆ ಕೆಲಕಾಲ ಇತ್ತು.

ಮೈಕ್ರೊಸಾಫ್ಟ್ 1996ರಲ್ಲಿ ‘.ಎಎಸ್‌ಪಿ’ಯನ್ನೂ 2002ರಲ್ಲಿ ‘.ಎಎಸ್‌ಪಿಎಕ್ಸ್’ ಅನ್ನೂ ತಂದಿತು. ಎರಡನ್ನು ನಡೆಸುವ ತಂತ್ರಾಂಶ ಬೇರೆಯಾದ್ದರಿಂದ ಹೊಸ ವಿಸ್ತರಣೆ ಬೇಕಾಯಿತು. ಅದರಿಂದಾಗಿ ಒಂದೇ ತಾಣದಲ್ಲಿ ಹಳೆಯ ಪುಟ, ಹೊಸ ಪುಟ ಅಕ್ಕಪಕ್ಕ ಬಾಳಿದವು. ಕೋಲ್ಡ್‌ಫ್ಯೂಷನ್ನಿನ ‘.ಸಿಎಫ್‌ಎಂ’, ಜಾವಾದ ‘.ಜೆಎಸ್‌ಪಿ’ 1990ರ ದಶಕದವು. 2000ದಲ್ಲಿ ಕ್ರೇಗ್ ಮೆಕ್‌ಕ್ಲಾನಹನ್ ಆರಂಭಿಸಿದ ಸ್ಟ್ರಟ್ಸ್ ಎಂಬ ಜಾವಾ ಚೌಕಟ್ಟು ‘.ಡು’ ವಿಸ್ತರಣೆಯನ್ನು ಪ್ರಚಾರಕ್ಕೆ ತಂದಿತು. ಅದು ಕಡತದ ಜಾತಿಯನ್ನು ಹೇಳುವುದಿಲ್ಲ, ‘ಮಾಡು’ ಎಂಬ ಅಪ್ಪಣೆಯನ್ನು ಸೂಚಿಸುತ್ತದೆ.

ಕೆಲಸ ಮಾಡುವ ಬಗೆ

ಬ್ರೌಸರಿನಿಂದ ಬಂದ ಕೋರಿಕೆಯನ್ನು ಸರ್ವರ್ ಮೂರು ಹಂತಗಳಲ್ಲಿ ನೋಡುತ್ತದೆ. ಮೊದಲು ವಿಳಾಸವನ್ನು ಡಿಸ್ಕಿನ ಒಂದು ಕಡತಕ್ಕೋ ಆಂತರಿಕ ಪ್ರೋಗ್ರಾಮಿಗೋ ಹೊಂದಿಸುತ್ತದೆ. ಆಮೇಲೆ ಅದನ್ನು ಯಾರು ನಿರ್ವಹಿಸಬೇಕೆಂದು, ಅಂದರೆ ‘ಹ್ಯಾಂಡ್ಲರ್’ ಯಾವುದೆಂದು, ನಿರ್ಧರಿಸುತ್ತದೆ. ಕೊನೆಗೆ ಬಂದ ಉತ್ತರಕ್ಕೆ ‘ಇದು ಪಠ್ಯ’, ‘ಇದು ಚಿತ್ರ’ ಎಂಬ ಚೀಟಿ ಅಂಟಿಸಿ ಕಳುಹಿಸುತ್ತದೆ. ಬ್ರೌಸರ್ ಮುಖ್ಯವಾಗಿ ನೋಡುವುದು ಈ ಚೀಟಿಯನ್ನು, ವಿಳಾಸದ ವಿಸ್ತರಣೆಯನ್ನಲ್ಲ. ಆದ್ದರಿಂದಲೇ ‘.ಸಿಎಂಎಸ್’ ಎಂಬ ಬಗೆಯನ್ನು ಅರಿಯದ ಬ್ರೌಸರ್‌ಗಳೂ ಅಂಥ ಪುಟವನ್ನು ಸರಿಯಾಗಿ ತೋರಿಸುತ್ತವೆ.

ಕೆರೆಗಳ ಮಾಹಿತಿ ಕೊಡುವ ತಾಣವೊಂದು ತನ್ನ ಪಿಎಚ್‌ಪಿ ಕಡತಗಳಿಗೆ ರೋಮನ್ ಲಿಪಿಯ ನಾಲ್ಕು ಅಕ್ಷರದಲ್ಲಿ ‘.ಕೆರೆ’ ಎಂಬ ವಿಸ್ತರಣೆ ಇಡಲು ಬಯಸಿತೆನ್ನೋಣ. ಅಪಾಚೆ ಸರ್ವರಿನಲ್ಲಿ ‘ಆ್ಯಡ್‌ಹ್ಯಾಂಡ್ಲರ್’ ಅಥವಾ ‘ಆ್ಯಡ್‌ಟೈಪ್’ ಎಂಬ ಆದೇಶದ ಒಂದೇ ಸಾಲಿನಿಂದ ಇದಾಗುತ್ತದೆ. ಇನ್ನೂ ಬಿಗಿಯಾದ ದಾರಿ ‘ಫೈಲ್ಸ್‌ಮ್ಯಾಚ್’ ಎಂಬ ವಿಭಾಗದೊಳಗೆ ‘ಸೆಟ್‌ಹ್ಯಾಂಡ್ಲರ್’ ಬರೆಯುವುದು. ಬಾಡಿಗೆ ಸರ್ವರ್ ಪಡೆದವರು, ಒಡೆಯರ ಅನುಮತಿಯಿದ್ದರೆ, ತಮ್ಮ ಕೋಶದ ‘.ಎಚ್‌ಟಿಆ್ಯಕ್ಸೆಸ್’ ಕಡತದಲ್ಲೇ ಇದನ್ನು ಬರೆದುಕೊಳ್ಳಬಹುದು. ಸಿಪ್ಯಾನೆಲ್ ನಿರ್ವಹಣಾ ತಂತ್ರಾಂಶದಲ್ಲಿ ಇದಕ್ಕೆಂದೇ ಒಂದು ಪುಟವಿದೆ.

2004ರಲ್ಲಿ ಇಗೊರ್ ಸಿಸೊಯೆವ್ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಸರ್ವರಿನಲ್ಲಿ ಕೆಲಸ ಎರಡು ಕಡೆ ಆಗಬೇಕು. ಸರ್ವರಿನ ಸಂರಚನೆಯಲ್ಲಿ ‘.ಕೆರೆ’ಯಿಂದ ಮುಗಿಯುವ ವಿಳಾಸಗಳನ್ನು ಪಿಎಚ್‌ಪಿ-ಎಫ್‌ಪಿಎಂ ಎಂಬ ಸೇವೆಗೆ ತಿರುಗಿಸಬೇಕು. ಆ ಸೇವೆಯ ಸಂರಚನೆಯಲ್ಲೂ ಒಪ್ಪಿಗೆಯಾದ ವಿಸ್ತರಣೆಗಳ ಪಟ್ಟಿಗೆ ‘.ಕೆರೆ’ಯನ್ನು ಸೇರಿಸಬೇಕು. ಎರಡನೆಯದನ್ನು ಮರೆತರೆ 403 ಎಂಬ ಸಂಖ್ಯೆಯೊಂದಿಗೆ ಪ್ರವೇಶ ನಿರಾಕರಣೆ ಬರುತ್ತದೆ. ಈ ಪಟ್ಟಿ 2012ರ ಜನವರಿಯಲ್ಲಿ ಹೊರಬಿದ್ದ ಪಿಎಚ್‌ಪಿ 5.3.9ರಿಂದ ಜಾರಿಯಲ್ಲಿದೆ.

ಮೈಕ್ರೊಸಾಫ್ಟಿನ ಐಐಎಸ್ ಸರ್ವರಿನಲ್ಲಿ ‘ಹ್ಯಾಂಡ್ಲರ್ ಮ್ಯಾಪಿಂಗ್’ ಎಂಬ ಪಟ್ಟಿ ಇದೇ ಕೆಲಸ ಮಾಡುತ್ತದೆ. ಜಾವಾ ಸರ್ವರ್‌ಗಳಲ್ಲಿ ಮಾತು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ನಕ್ಷತ್ರಚಿಹ್ನೆಯ ಮುಂದೆ ‘.ಡು’ ಎಂದು ನಿಯಮ ಬರೆದರೆ ಆ ವಿಸ್ತರಣೆಯ ಎಲ್ಲ ವಿಳಾಸಗಳೂ ಒಂದೇ ಪ್ರೋಗ್ರಾಮಿನ ಬಾಗಿಲಿಗೆ ಬರುತ್ತವೆ. ‘ಹೋಮ್.ಡು’ ಎಂಬ ಕಡತವನ್ನು ಆ ಸರ್ವರಿನ ಡಿಸ್ಕಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಲ್ಲಿ ವಿಸ್ತರಣೆ ಕಡತದ್ದಲ್ಲ, ವಿಳಾಸದ್ದು ಮಾತ್ರ.

ಕರ್ನಾಟಕದ ತಾಣಗಳಲ್ಲಿ

ರಾಜ್ಯದ ಸಾರ್ವಜನಿಕ ತಾಣಗಳ ವಿಳಾಸಗಳನ್ನು ಸಾಲಾಗಿಟ್ಟರೆ ಅವುಗಳ ಹಿಂದಿನ ತಂತ್ರಜ್ಞಾನದ ಚರಿತ್ರೆಯೇ ಓದಸಿಗುತ್ತದೆ. ಪಹಣಿ ದಾಖಲೆಗಳನ್ನು ಗಣಕೀಕರಿಸಿದ ಭೂಮಿ ಯೋಜನೆಯ ಜಾಲಪುಟಗಳು, ಗ್ರಾಮ ಪಂಚಾಯಿತಿ ಆಸ್ತಿಗಳ ಇ-ಸ್ವತ್ತು, ನಾಡಕಚೇರಿಯ ಸೇವೆಗಳು ‘.ಎಎಸ್‌ಪಿಎಕ್ಸ್’ ವಿಸ್ತರಣೆಯನ್ನು ತೋರಿಸುತ್ತ ಬಂದಿವೆ. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ಒಂದೊಂದಾಗಿ ಆರಿಸಿ ಸರ್ವೆ ನಂಬರು ಒತ್ತುವ ಪುಟ ಇಂಥದು. ಉದ್ಯೋಗ ಖಾತ್ರಿಯ ರಾಷ್ಟ್ರೀಯ ತಾಣದಲ್ಲೂ ಇದೇ ವಿಸ್ತರಣೆ. ಅಲ್ಲಿ ಕರ್ನಾಟಕದ ಸಂಕೇತ 15, ಪ್ರತಿ ಪಂಚಾಯಿತಿಗೂ ಒಂದು ಸಂಖ್ಯೆ. ದೇವರಾಯಸಮುದ್ರವಾಗಲಿ ದುಗ್ಗಸಂದ್ರವಾಗಲಿ ಪುಟ ಒಂದೇ, ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಸಂಖ್ಯೆ ಬೇರೆ.

ಇವು ವಾಡಿಕೆಯ ವಿಸ್ತರಣೆಗಳಾದರೆ, ಸೇವಾ ಸಿಂಧುವಿನದು ಗೊತ್ತುಮಾಡಿಕೊಂಡದ್ದು. ರಾಷ್ಟ್ರೀಯ ಮಾಹಿತಿ ಕೇಂದ್ರದ ಸರ್ವಿಸ್‌ಪ್ಲಸ್ ಎಂಬ ಜಾವಾ ಚೌಕಟ್ಟಿನ ಮೇಲೆ ಕಟ್ಟಿದ ಅದರ ಅರ್ಜಿ ಪುಟಗಳು ‘.ಡು’ ಎಂದು ಮುಗಿಯುತ್ತವೆ. ಕೆಎಸ್‌ಆರ್‌ಟಿಸಿಯ ಮುಂಗಡ ಟಿಕೆಟ್ ತಾಣದ ಮುಖಪುಟವೂ ಹಲವು ವರ್ಷ ‘ಹೋಮ್.ಡು’ ಆಗಿತ್ತು. ರೈಲ್ವೆ ಟಿಕೆಟಿಗೆ ಹೋಗುವವರು ಇದಕ್ಕಿಂತ ಹೆಚ್ಚಿನ ವೈವಿಧ್ಯ ಕಂಡಿದ್ದಾರೆ. ಐಆರ್‌ಸಿಟಿಸಿಯ ಹಳೆಯ ವಿಳಾಸದ ನಡುವೆ ‘ಬಿವಿ60.ಡಿಎಲ್‌ಎಲ್’ ಎಂಬ ತುಣುಕಿತ್ತು. ಅದು ಬ್ರಾಡ್‌ವಿಷನ್ ತಂತ್ರಾಂಶದ ಗುರುತು. ಮುಂದೆ ಲಾಗಿನ್ ಪುಟ ‘.ಜೆಎಸ್‌ಎಫ್’ ಆಯಿತು. 2018ರ ಹೊಸ ತಾಣದಲ್ಲಿ ವಿಸ್ತರಣೆಯೇ ಮಾಯವಾಯಿತು.

ಕನ್ನಡ ಪತ್ರಿಕೆಗಳ ತಾಣಗಳಲ್ಲಿ ಸ್ವಂತ ವಿಸ್ತರಣೆಯ ಸ್ಪಷ್ಟ ನಿದರ್ಶನ ವಿಜಯ ಕರ್ನಾಟಕ. ಪತ್ರಿಕೆ ಟೈಮ್ಸ್ ಸಮೂಹಕ್ಕೆ ಸೇರಿದ್ದರಿಂದ ಆ ಸಮೂಹದ ಇತರ ತಾಣಗಳ ಪದ್ಧತಿಯೇ ಇಲ್ಲಿಯೂ ಇದೆ: ‘ಆರ್ಟಿಕಲ್‌ಶೋ’ ಎಂಬ ಪದ, ಒಂದು ಸಂಖ್ಯೆ, ಕೊನೆಗೆ ‘.ಸಿಎಂಎಸ್’. ವಿಷಯ ನಿರ್ವಹಣಾ ವ್ಯವಸ್ಥೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳವು. ಆ ಮೂರಕ್ಷರದಿಂದ ಒಳಗಿನ ಪ್ರೋಗ್ರಾಮು ಯಾವ ಭಾಷೆಯದೆಂದು ಊಹಿಸಲಾಗದು. ಒನ್‌ಇಂಡಿಯಾ ಕನ್ನಡದ ಸುದ್ದಿಗಳು ‘.ಎಚ್‌ಟಿಎಂಎಲ್’ ಎಂದು ಮುಗಿಯುತ್ತವೆ.

ಸ್ವಂತ ವಿಸ್ತರಣೆಯ ಉದ್ದೇಶಗಳು

ಮೊದಲನೆಯದು ವಿಳಾಸವನ್ನು ಉಳಿಸಿಕೊಳ್ಳುವುದು. ‘.ಎಎಸ್‌ಪಿ’ಯಲ್ಲಿದ್ದ ತಾಣವನ್ನು ಪಿಎಚ್‌ಪಿಗೆ ಬದಲಿಸುವಾಗ, ‘.ಎಎಸ್‌ಪಿ’ ವಿಸ್ತರಣೆಯನ್ನು ಪಿಎಚ್‌ಪಿಯ ಹ್ಯಾಂಡ್ಲರಿಗೆ ಜೋಡಿಸಿದರೆ ಹಳೆಯ ವಿಳಾಸ ಹಾಗೆಯೇ ನಡೆಯುತ್ತದೆ. ಕರಪತ್ರದಲ್ಲಿ ಅಚ್ಚಾದ, ಸೈಬರ್ ಸೆಂಟರಿನ ಗೋಡೆಗೆ ಅಂಟಿಸಿದ ಕೊಂಡಿ ಮುರಿಯುವುದಿಲ್ಲ.

ಎರಡನೆಯದು ಕೆಲಸ ಹಂಚುವುದು. ಒಂದೇ ಸರ್ವರಿನಲ್ಲಿ ಕೆಲವು ವಿಳಾಸಗಳು ಜಾವಾಕ್ಕೆ, ಕೆಲವು ಪಿಎಚ್‌ಪಿಗೆ, ಉಳಿದವು ನೇರ ಡಿಸ್ಕಿಗೆ ಹೋಗಬೇಕಿದ್ದರೆ ವಿಸ್ತರಣೆ ಸುಲಭವಾದ ಕವಲುದಾರಿ. ಐಐಎಸ್‌ನ ಆರನೆಯ ಆವೃತ್ತಿಗೆ ವಿಸ್ತರಣೆಯಿಲ್ಲದ ವಿಳಾಸವನ್ನು ಪ್ರೋಗ್ರಾಮಿಗೆ ತಲುಪಿಸುವುದು ಕಷ್ಟವಾಗಿತ್ತು. 2009ರಲ್ಲಿ ಎಎಸ್‌ಪಿ.ನೆಟ್ ಎಂವಿಸಿ ಎಂಬ ಮೈಕ್ರೊಸಾಫ್ಟ್ ಚೌಕಟ್ಟು ಬಂದಾಗ ಐಐಎಸ್ 6ರ ಮೇಲೆ ತಾಣ ನಡೆಸುವವರು ‘.ಎಂವಿಸಿ’ ಎಂಬ ವಿಸ್ತರಣೆಯನ್ನು ಸೇರಿಸಿ ದಾರಿ ಮಾಡಿಕೊಂಡರು.

ಮೂರನೆಯದು ಮರೆಮಾಚುವುದು. ಪಿಎಚ್‌ಪಿಯ ಅಧಿಕೃತ ಕೈಪಿಡಿಯಲ್ಲಿ ‘ಪಿಎಚ್‌ಪಿಯನ್ನು ಅಡಗಿಸುವುದು’ ಎಂಬರ್ಥದ ಪುಟವೊಂದಿದೆ. ಪಿಎಚ್‌ಪಿ ಕಡತಕ್ಕೆ ಬೇರೆ ಭಾಷೆಗಳ ವಿಸ್ತರಣೆ ಹಚ್ಚುವುದು, ಯಾರೂ ಕೇಳರಿಯದ ವಿಸ್ತರಣೆ ಕಟ್ಟುವುದು, ಎಲ್ಲವನ್ನೂ ‘.ಎಚ್‌ಟಿಎಂಎಲ್’ ಎಂದೇ ತೋರಿಸುವುದು ಅಲ್ಲಿನ ಸಲಹೆಗಳು. ಇದು ದುರ್ಬಲವಾದ ರಕ್ಷಣೆ ಎಂಬ ಮಾತೂ ಅದೇ ಪುಟದಲ್ಲಿದೆ. ವಿಸ್ತರಣೆಯನ್ನು ಮುಚ್ಚಿಟ್ಟರೂ ಉತ್ತರದ ಶಿರೋಭಾಗದಲ್ಲಿ ತಂತ್ರಾಂಶದ ಹೆಸರಿರಬಹುದು. ಸೆಷನ್ ಕುಕಿಯ ಹೆಸರಂತೂ ಪಿಎಚ್‌ಪಿಗೆ ಒಂದು, ಜಾವಾಕ್ಕೆ ಒಂದು, ಎಎಸ್‌ಪಿ.ನೆಟ್‌ಗೆ ಇನ್ನೊಂದು, ನೋಡಿದವರಿಗೆ ಒಡನೆ ತಿಳಿಯುತ್ತದೆ. ಮೇಲಾಗಿ, ಹಲವು ಸ್ವಯಂಚಾಲಿತ ದಾಳಿಯ ಪ್ರೋಗ್ರಾಮುಗಳು ವಿಸ್ತರಣೆಯನ್ನು ನೋಡಿ ನಿರ್ಧರಿಸುವುದಿಲ್ಲ, ಗೊತ್ತಿರುವ ದೋಷಗಳನ್ನೆಲ್ಲ ಸುಮ್ಮನೆ ಪರೀಕ್ಷಿಸುತ್ತ ಹೋಗುತ್ತವೆ.

ಅಪಾಯಗಳು

ಪ್ರೋಗ್ರಾಮಿನ ಮೂಲ ಬರಹ ಬಯಲಾಗುವುದು ಅಪಾಯಗಳಲ್ಲಿ ದೊಡ್ಡದು. ತಾಣವನ್ನು ಹೊಸ ಸರ್ವರಿಗೆ ಸಾಗಿಸಿದಾಗ ‘.ಕೆರೆ’ಗೆ ಸಂಬಂಧಿಸಿದ ಸಾಲನ್ನು ಬರೆಯಲು ಮರೆತರೆ, ಆ ಸರ್ವರಿಗೆ ಅದೊಂದು ಅಪರಿಚಿತ ಕಡತ. ಪ್ರೋಗ್ರಾಮನ್ನು ನಡೆಸುವ ಬದಲು ಅದು ಒಳಗಿನ ಬರಹವನ್ನೇ ಕೇಳಿದವರ ಕೈಗಿಡುತ್ತದೆ. ಅದರಲ್ಲಿ ದತ್ತಸಂಚಯದ ಪಾಸ್‌ವರ್ಡ್ ಇದ್ದರೆ ಅದೂ ಹೋಯಿತು. ವಾಡಿಕೆಯ ‘.ಪಿಎಚ್‌ಪಿ’ಯನ್ನು ಪಿಎಚ್‌ಪಿ ಸೇವೆ ಇರುವ ಬಾಡಿಗೆ ಸರ್ವರ್‌ಗಳು ಮೊದಲೇ ಗುರುತಿಸುವಂತೆ ಸಿದ್ಧವಾಗಿರುತ್ತವೆ. ಒಳಗೆ ಸೇರಿಸಿಕೊಳ್ಳುವ ಕಡತಗಳಿಗೆ ‘.ಐಎನ್‌ಸಿ’ ಎಂದು ಹೆಸರಿಡುವ ಹಳೆಯ ಅಭ್ಯಾಸ, ತಿದ್ದುವಾಗ ಉಳಿಯುವ ‘.ಬಿಎಕೆ’ ಪ್ರತಿಗಳು ಇದೇ ಬಗೆಯಲ್ಲಿ ಗುಟ್ಟು ಬಿಟ್ಟುಕೊಡುತ್ತವೆ. 1998ರಲ್ಲಿ ಐಐಎಸ್ ಸರ್ವರಿನ ಒಂದು ದೋಷ ಹೀಗಿತ್ತು: ‘.ಎಎಸ್‌ಪಿ’ ವಿಳಾಸದ ಕೊನೆಗೆ ಕೆಲವು ಚಿಹ್ನೆಗಳನ್ನೂ ‘ಡೇಟಾ’ ಎಂಬ ಪದವನ್ನೂ ಸೇರಿಸಿದರೆ ವಿಸ್ತರಣೆ ಬೇರೆಯೆಂದು ಬಗೆದು ಸರ್ವರ್ ಮೂಲವನ್ನೇ ಕಳುಹಿಸುತ್ತಿತ್ತು.

ಎರಡನೆಯದು ಸರ್ವರ್ ವಿಸ್ತರಣೆಯನ್ನು ತಪ್ಪಾಗಿ ಓದುವ ತೊಡಕು. ಅಪಾಚೆ ಒಂದೇ ಹೆಸರಿನಲ್ಲಿ ಹಲವು ವಿಸ್ತರಣೆಗಳನ್ನು ಒಪ್ಪುತ್ತದೆ. ‘ಆ್ಯಡ್‌ಹ್ಯಾಂಡ್ಲರ್’ ಬಳಸಿದ್ದರೆ ‘ಫೋಟೊ.ಪಿಎಚ್‌ಪಿ.ಜೆಪಿಜಿ’ ಎಂಬ ಕಡತವೂ ಪ್ರೋಗ್ರಾಮಿನಂತೆ ನಡೆದೀತು. ಚಿತ್ರ ಏರಿಸಲು ಅವಕಾಶವಿರುವ ತಾಣದಲ್ಲಿ ಇದು ಕಳ್ಳನಿಗೆ ಬಾಗಿಲು. ಹೆಸರಿನ ತುದಿಯನ್ನಷ್ಟೇ ನೋಡುವಂತೆ ‘ಫೈಲ್ಸ್‌ಮ್ಯಾಚ್’ ಬರೆಯಬೇಕೆನ್ನುವುದು ಇದಕ್ಕಾಗಿ. ಐಐಎಸ್ 6ರಲ್ಲಿ ‘.ಎಎಸ್‌ಪಿ’ ಹೆಸರಿನ ಕೊನೆಗೆ ಅರ್ಧವಿರಾಮ ಚಿಹ್ನೆಯಿಟ್ಟು ‘.ಜೆಪಿಜಿ’ ಸೇರಿಸಿದರೂ ಕಡತ ‘.ಎಎಸ್‌ಪಿ’ಯಂತೆ ನಡೆಯುತ್ತಿದ್ದ ದೋಷ 2009ರಲ್ಲಿ ಬಯಲಾಯಿತು. ಎಂಜಿನ್‌ಎಕ್ಸ್ ಮತ್ತು ಪಿಎಚ್‌ಪಿ ಜೊತೆಗೂಡಿದ ಸಂರಚನೆಗಳಲ್ಲಿ ಚಿತ್ರದ ವಿಳಾಸಕ್ಕೆ ಓರೆಗೆರೆ ಹಾಕಿ ಇಲ್ಲದ ‘.ಪಿಎಚ್‌ಪಿ’ ಹೆಸರೊಂದನ್ನು ಅಂಟಿಸಿದರೆ ಚಿತ್ರವೇ ಪ್ರೋಗ್ರಾಮಾಗುತ್ತಿದ್ದುದು 2010ರಲ್ಲಿ ತಿಳಿದುಬಂತು. ಮೇಲೆ ಹೇಳಿದ ಒಪ್ಪಿಗೆಯ ಪಟ್ಟಿ ಇಂಥ ದಾಳಿಗಳನ್ನು ತಡೆಯುವ ಬೇಲಿ.

ಮೂರನೆಯದು ನಡುವಿನವರ ತಪ್ಪು ತಿಳಿವಳಿಕೆ. ಸರ್ವರಿಗೂ ಓದುಗರಿಗೂ ನಡುವೆ ನಿಂತು ಪುಟಗಳ ಪ್ರತಿ ಇಟ್ಟುಕೊಳ್ಳುವ ಕ್ಲೌಡ್‌ಫ್ಲೇರ್‌ನಂಥ ಸೇವೆಗಳು ಯಾವುದನ್ನು ದಾಸ್ತಾನು ಮಾಡಬೇಕೆಂದು ಪೂರ್ವನಿಯೋಜಿತವಾಗಿ ವಿಸ್ತರಣೆ ನೋಡಿಯೇ ತೀರ್ಮಾನಿಸುತ್ತವೆ. ಖಾತೆದಾರನ ಖಾಸಗಿ ಪುಟ ‘.ಸಿಎಸ್‌ಎಸ್’ ಎಂದೋ ‘.ಜೆಪಿಜಿ’ ಎಂದೋ ಮುಗಿಯುವ ವಿಳಾಸದಲ್ಲೂ ತೆರೆಯುವಂತಿದ್ದರೆ ಅದು ದಾಸ್ತಾನಿಗೆ ಸೇರಿ ಇನ್ನೊಬ್ಬರಿಗೂ ಸಿಗಬಹುದು. ಭದ್ರತಾ ಸಂಶೋಧಕ ಒಮರ್ ಗಿಲ್ 2017ರಲ್ಲಿ ಈ ಬಗೆಯ ವಂಚನೆಯನ್ನು ಸಾಧಿಸಿ ತೋರಿಸಿದರು. ಸ್ಥಿರ ಕಡತಗಳಿಗೆ ಮೀಸಲಾದ ವಿಸ್ತರಣೆಯನ್ನು ಪ್ರೋಗ್ರಾಮಿಗೆ ಇಡಬಾರದೆಂಬ ನಿಯಮಕ್ಕೆ ಇದೇ ಕಾರಣ.

ನಾಲ್ಕನೆಯದು ವಿಸ್ತರಣೆಯನ್ನು ಅತಿಯಾಗಿ ಹರಡುವುದು. ಎಲ್ಲ ‘.ಎಚ್‌ಟಿಎಂಎಲ್’ ಕಡತಗಳನ್ನೂ ಪಿಎಚ್‌ಪಿಗೆ ಒಪ್ಪಿಸಿದರೆ, ಒಳಗೆ ಒಂದೂ ಆದೇಶವಿಲ್ಲದ ಪುಟವೂ ಇಂಟರ್‌ಪ್ರಿಟರನ್ನು ಹಾದುಬರಬೇಕು. ತಾಣ ನಿಧಾನವಾಗುತ್ತದೆ. ಎಕ್ಸ್‌ಎಂಎಲ್ ಘೋಷಣೆಯಿಂದ ಆರಂಭವಾಗುವ ಪುಟ, ಪಿಎಚ್‌ಪಿಯ ಚಿಕ್ಕ ಆರಂಭ ಟ್ಯಾಗಿಗೆ ಅನುಮತಿಯಿರುವ ಸರ್ವರಿನಲ್ಲಿ, ಆ ಘೋಷಣೆಯನ್ನೇ ಪಿಎಚ್‌ಪಿ ಆದೇಶವೆಂದು ಇಂಟರ್‌ಪ್ರಿಟರ್ ಬಗೆಯುವುದರಿಂದ ಕೆಟ್ಟುನಿಲ್ಲುತ್ತದೆ.

ವಿಸ್ತರಣೆಯಿಲ್ಲದ ವಿಳಾಸ

ವೆಬ್‌ನ ನಿರ್ಮಾತೃ ಟಿಮ್ ಬರ್ನರ್ಸ್-ಲೀ 1998ರ ಒಂದು ಬರಹದಲ್ಲಿ ಒಳ್ಳೆಯ ವಿಳಾಸ ಬದಲಾಗಬಾರದೆಂದೂ, ಬದಲಾಗುವಂಥದನ್ನು ಅದರಲ್ಲಿ ಸೇರಿಸಬಾರದೆಂದೂ ವಾದಿಸಿದರು. ಅವರು ಬಿಡಬೇಕೆಂದವುಗಳಲ್ಲಿ ಕಡತದ ವಿಸ್ತರಣೆಯೂ ಒಂದು. 1996ರಲ್ಲಿ ರಾಲ್ಫ್ ಎಂಗೆಲ್‌ಶಾಲ್ ಅಪಾಚೆಗಾಗಿ ಬರೆದ ‘ಮಾಡ್-ರೀರೈಟ್’ ಇದಕ್ಕೆ ಬೇಕಾದ ಸಲಕರಣೆಯನ್ನು ಒದಗಿಸಿತ್ತು. ಹೊರಗಿನವರು ಕಾಣುವ ವಿಳಾಸ ಒಂದು, ಒಳಗೆ ನಡೆಯುವ ಕಡತ ಇನ್ನೊಂದು ಎಂಬ ಏರ್ಪಾಡು ಅದರಿಂದ ಸುಲಭವಾಯಿತು.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿ ಓದುಗ ಕಾಣುವುದು ‘ವಿಕಿ’ ಎಂಬ ಪದದ ಮುಂದೆ ಲೇಖನದ ಹೆಸರು ಮಾತ್ರ. ಪುಟ ತಿದ್ದಲು ಒತ್ತಿದಾಗ ‘ಇಂಡೆಕ್ಸ್.ಪಿಎಚ್‌ಪಿ’ ಹೊರಗೆ ಇಣುಕುತ್ತದೆ. ಕೋಲಾರ ಜಿಲ್ಲಾಡಳಿತದ ತಾಣವು ರಾಷ್ಟ್ರೀಯ ಮಾಹಿತಿ ಕೇಂದ್ರದ ಎಸ್‌3ವಾಸ್ ವೇದಿಕೆಯ ಮೇಲಿದೆ. ಅದರ ಪುಟಗಳ ವಿಳಾಸಕ್ಕೂ ವಿಸ್ತರಣೆಯಿಲ್ಲ.

ಕನ್ನಡ ಲಿಪಿಯ ವಿಸ್ತರಣೆ

ವಿಸ್ತರಣೆ ರೋಮನ್ ಲಿಪಿಯಲ್ಲೇ ಇರಬೇಕೆಂಬ ಕಟ್ಟಳೆ ಇಲ್ಲ. ಸರ್ವರ್ ನೋಡುವುದು ಬೈಟುಗಳನ್ನು. ಸಂರಚನಾ ಕಡತದಲ್ಲೂ ಕಡತದ ಹೆಸರಿನಲ್ಲೂ ಅವೇ ಬೈಟುಗಳಿದ್ದರೆ ಹೊಂದಾಣಿಕೆಯಾಗುತ್ತದೆ. ತೊಡಕು ಇರುವುದು ಸಾಗಣೆಯಲ್ಲಿ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು ಬೇಕು, ವಿಳಾಸದಲ್ಲಿ ಸಾಗುವಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ. ‘ಕೆರೆ’ ಎಂಬಲ್ಲಿ ಎರಡು ವ್ಯಂಜನ, ಎರಡು ಸ್ವರಚಿಹ್ನೆ, ಒಟ್ಟು ನಾಲ್ಕು ಸಂಕೇತ. ರೋಮನ್ ಲಿಪಿಯಲ್ಲಿ 4 ಅಕ್ಷರದ ವಿಸ್ತರಣೆ ಕನ್ನಡದಲ್ಲಿ 36 ಅಕ್ಷರವಾಗಿ ಹೋಗುತ್ತದೆ. ವಿಕಿಪೀಡಿಯದ ‘ಕೋಲಾರ’ ಪುಟದ ಕೊಂಡಿಯನ್ನು ನಕಲು ಮಾಡಿ ಬೇರೆಡೆ ಅಂಟಿಸಿದಾಗ ಕೆಲವೊಮ್ಮೆ ಕಾಣುವ ಶೇಕಡಾ ಚಿಹ್ನೆಗಳ ಸರಮಾಲೆ ಇದೇ. ಐದು ಸಂಕೇತದ ಆ ಹೆಸರು 45 ಅಕ್ಷರಕ್ಕೆ ಬೆಳೆದಿರುತ್ತದೆ. ತಾಣದ ಹೆಸರಿಗೇ ‘.ಭಾರತ’ ಎಂಬ ಕನ್ನಡ ಲಿಪಿಯ ಉನ್ನತ ಡೊಮೇನ್ ಇದೆ. ಅದು ಸಾಗುವುದು ಪ್ಯೂನಿಕೋಡ್ ಎಂಬ ಬೇರೆ ಪದ್ಧತಿಯಲ್ಲಿ.

ಪಾಲಿಸಬೇಕಾದ ಕ್ರಮ

ಹೊಸದಾಗಿ ಕಟ್ಟುವ ತಾಣಕ್ಕೆ ವಿಸ್ತರಣೆಯಿಲ್ಲದ ವಿಳಾಸವೇ ಲೇಸು. ಡಿಸ್ಕಿನ ಮೇಲೆ ಪ್ರೋಗ್ರಾಮಿನ ಕಡತ ವಾಡಿಕೆಯ ವಿಸ್ತರಣೆಯನ್ನೇ ಹೊತ್ತಿರಲಿ. ಸಂರಚನೆ ಕಳೆದುಹೋದ ದಿನ ಅದೇ ರಕ್ಷಣೆ. ಪಾಸ್‌ವರ್ಡ್ ಇರುವ ಕಡತ ಜಾಲಕ್ಕೆ ತೆರೆದ ಕೋಶದ ಹೊರಗಿರಬೇಕು. ಸ್ವಂತ ವಿಸ್ತರಣೆ ಅನಿವಾರ್ಯವಾದರೆ ಅದನ್ನು ಹೆಸರಿನ ತುದಿಗೆ ಮಾತ್ರ ಅನ್ವಯಿಸಿ, ಸರ್ವರ್ ಬದಲಿಸುವಾಗ ಪರೀಕ್ಷಿಸಬೇಕಾದ ಪಟ್ಟಿಯಲ್ಲಿ ಬರೆದಿಡಬೇಕು. ಜನರು ಏರಿಸುವ ಕಡತಗಳ ಕೋಶದಲ್ಲಿ ಯಾವ ಸ್ಕ್ರಿಪ್ಟೂ ನಡೆಯದಂತೆ ತಡೆಯಬೇಕು. ಹಳೆಯ ವಿಳಾಸವನ್ನು ಕೈಬಿಡಲೇಬೇಕಾದರೆ 301 ಎಂಬ ಶಾಶ್ವತ ಮರುನಿರ್ದೇಶನದಿಂದ ಹೊಸದಕ್ಕೆ ದಾರಿ ತೋರಿಸಬೇಕು.

ಸ್ವಂತ ವಿಸ್ತರಣೆಗೆ ಮರೆಮಾಚುವ ಶಕ್ತಿ ಕಡಿಮೆ, ವಿಳಾಸ ಉಳಿಸುವ ಶಕ್ತಿ ಹೆಚ್ಚು. ಬೊಮ್ಮಸಂದ್ರ ಇಂದು ಕಾರ್ಖಾನೆಗಳ ಊರು. ಹೆಸರು ಮಾತ್ರ ಈಗಲೂ ಕೆರೆಯದು, ಕಾಗದ ತಲುಪುವುದು ಆ ಹೆಸರಿಗೇ. ಪುಟದ ಹಿಂದಿನ ಪ್ರೋಗ್ರಾಮು ಬದಲಾದಾಗ ಜಾಲತಾಣದ ವಿಳಾಸದಿಂದಲೂ ಅಷ್ಟನ್ನೇ ಬಯಸಬೇಕು.